ಕೌನ್ಸೆಲಿಂಗ್ ಕಲಿಯುವುದು ಹೇಗೆ? ಮೊದಲು ಕಿವಿ, ಆಮೇಲೆ ಸಿದ್ಧಾಂತ

ಕೌನ್ಸೆಲಿಂಗ್ ಕಲಿಯಬೇಕು ಅನ್ನುವವರ ಬಾಯಲ್ಲಿ ಒಂದು ಮಾತು ಪದೇ ಪದೇ ಬರುತ್ತದೆ: "ಎಲ್ಲರೂ ನನ್ನ ಹತ್ತಿರ ಬಂದು ಕಷ್ಟ ಹೇಳ್ಕೊಳ್ತಾರೆ, ನಾನು ಚೆನ್ನಾಗಿ ಸಲಹೆ ಕೊಡ್ತೀನಿ." ಮೊದಲ ಅರ್ಧ ಒಳ್ಳೆಯ ಲಕ್ಷಣ. ಎರಡನೆಯ ಅರ್ಧವನ್ನು ಬಿಡಿಸಿಕೊಳ್ಳುವುದಕ್ಕೇ ಮೊದಲ ಕೆಲವು ತಿಂಗಳು ಬೇಕಾಗುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನಿಂದ ಶುರುವಾಗಿ, ಹತ್ತು ಹನ್ನೆರಡು ಸಿದ್ಧಾಂತಗಳನ್ನು ದಾಟಿ, ಕೊನೆಗೆ ಕೌಶಲಗಳಿಗೆ ಬರುತ್ತವೆ. ನಾನು ಹೇಳುವ ದಾರಿ ಇದಕ್ಕೆ ತಿರುಗುಮುರುಗು. ಮೊದಲು ಕೇಳುವುದನ್ನು ಕಲಿಯಿರಿ, ಆಮೇಲೆ ಮರುನುಡಿಯುವುದನ್ನು, ಆಮೇಲೆ ಪ್ರಶ್ನೆಯನ್ನು. ಸಿದ್ಧಾಂತ ಅದಾದ ಮೇಲೆ. ಸಿದ್ಧಾಂತವನ್ನು ಮೊದಲು ಓದಿದವರಿಗೆ ಒಂದು ಚಟ ಹತ್ತುತ್ತದೆ. ಎದುರಿಗಿರುವವರು ಇನ್ನೂ ಅರ್ಧ ಮಾತಿನಲ್ಲಿರುವಾಗಲೇ ಅವರಿಗೊಂದು ಹಣೆಪಟ್ಟಿ ಹಚ್ಚಿಬಿಡುತ್ತಾರೆ.

ಇದನ್ನು ಓದಿ ಅಭ್ಯಾಸ ಮಾಡಿದರೆ ನೀವು ಒಳ್ಳೆಯ ಕೇಳುಗರಾಗಬಹುದು. ಶಿಕ್ಷಕರು, ನರ್ಸ್‌ಗಳು, ಸ್ವಯಂಸೇವಕರು, ತಂಡ ನಡೆಸುವವರು ಎಲ್ಲರಿಗೂ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಕೌನ್ಸೆಲರ್ ಅಂತ ಬೋರ್ಡ್ ಹಾಕಿಕೊಳ್ಳಲು ಇಷ್ಟು ಸಾಲದು. ಅದಕ್ಕೆ ಕ್ರಮಬದ್ಧ ತರಬೇತಿ, ಅನುಭವಿಗಳ ಮೇಲುಸ್ತುವಾರಿ, ಆಯಾ ದೇಶದ ಅರ್ಹತೆಯ ನಿಯಮ ಎಲ್ಲವೂ ಬೇಕು.

ಹಂತ 1: ಕೆಲಸ ಏನು ಅನ್ನುವುದು ಸ್ಪಷ್ಟವಾಗಲಿ

ಕೌನ್ಸೆಲಿಂಗ್ ಅಂದರೆ ಒಬ್ಬ ವ್ಯಕ್ತಿ ತನ್ನ ತೊಂದರೆಯನ್ನು ತಾನೇ ಸ್ಪಷ್ಟವಾಗಿ ನೋಡಿ, ತನ್ನ ದಾರಿ ತಾನೇ ಆರಿಸಿಕೊಳ್ಳಲು ನೆರವಾಗುವ ಮಾತುಕತೆ. ಇದಕ್ಕೆ ಒಂದು ಚೌಕಟ್ಟು ಇರುತ್ತದೆ. ಸಮಯ ನಿಗದಿಯಾಗಿರುತ್ತದೆ, ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ, ಇಬ್ಬರಿಗೂ ಉದ್ದೇಶ ಗೊತ್ತಿರುತ್ತದೆ. ಗೆಳೆಯರ ಮಾತುಕತೆಯಲ್ಲಿ ಇಬ್ಬರೂ ಹೇಳಿಕೊಳ್ಳುತ್ತಾರೆ. ಇಲ್ಲಿ ಒಬ್ಬರಿಗಾಗಿ ಮಾತ್ರ ಆ ಸಮಯ ಮೀಸಲು.

ಕಾಯಿಲೆಗೆ ಹೆಸರಿಡುವುದು, ಔಷಧಿಯ ಬಗ್ಗೆ ಹೇಳುವುದು ಕಲಿಯುವವರ ಕೆಲಸ ಅಲ್ಲ. "ನಿಮಗೆ ಡಿಪ್ರೆಶನ್ ಇರಬೇಕು" ಅನ್ನುವ ಒಂದು ಸಾಲು ಎದುರಿನವರ ತಲೆಯಲ್ಲಿ ವರ್ಷಗಟ್ಟಲೆ ಉಳಿಯಬಹುದು. ಹಾಗೆಯೇ ನಿಮ್ಮ ಸಂಗಾತಿ, ಒಡಹುಟ್ಟಿದವರು, ಹತ್ತಿರದ ಗೆಳೆಯರಿಗೆ ಕೌನ್ಸೆಲಿಂಗ್ ಮಾಡಲು ಹೋಗಬೇಡಿ. ಅವರ ಕಥೆಯಲ್ಲಿ ನೀವೂ ಒಂದು ಪಾತ್ರ. ಅವರ ಮಾತು ಕೇಳಿ, ಜೊತೆಗಿರಿ, ಅಷ್ಟು ಸಾಕು.

ಹಂತ 2: ತಿದ್ದುವ ಚಪಲವನ್ನು ಹಿಡಿಯುವುದು

ಒಬ್ಬರು ಹೀಗೆ ಹೇಳುತ್ತಾರೆ ಅಂದುಕೊಳ್ಳಿ: "ಮನೆಗೆ ಹೋದ್ರೆ ಯಾರೂ ನನ್ನ ಜೊತೆ ಮಾತಾಡಲ್ಲ. ನಾನೂ ಸುಮ್ನೆ ರೂಮಿಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ."

ನಿಮ್ಮ ನಾಲಿಗೆಯ ತುದಿಗೆ ಏನು ಬಂತು? ಸಾಮಾನ್ಯವಾಗಿ ಬರುವ ಉತ್ತರಗಳು ಇವು:

"ನೀವೇ ಮೊದಲು ಮಾತಾಡಿಸಿ ನೋಡಿ." ಇದು ಸಲಹೆ. ಅವರು ಅದನ್ನು ಯೋಚಿಸಿಯೇ ಇಲ್ಲ ಅಂತ ನಾವು ಅಂದುಕೊಂಡಂತಾಯಿತು.

"ಎಲ್ಲರ ಮನೆಯಲ್ಲೂ ಇದ್ದಿದ್ದೇ ಬಿಡಿ." ಇದು ಸಮಾಧಾನದ ಹಾಗೆ ಕಾಣುತ್ತದೆ. ಕೇಳುವವರಿಗೆ ಮಾತ್ರ "ನಿಮ್ಮದೇನು ದೊಡ್ಡ ಕಷ್ಟ" ಅಂತ ಕೇಳಿಸುತ್ತದೆ.

"ನನಗೂ ಹಿಂಗೇ ಆಗಿತ್ತು, ಗೊತ್ತಾ..." ಈಗ ಕಥೆ ನಿಮ್ಮದಾಯಿತು.

"ಯಾಕೆ ಬಾಗಿಲು ಹಾಕ್ಕೊಳ್ತೀರಿ?" ಇದು ವಿಚಾರಣೆ.

ಇವುಗಳಲ್ಲಿ ಯಾವುದೂ ಕೆಟ್ಟ ಮನಸ್ಸಿನಿಂದ ಬಂದಿದ್ದಲ್ಲ. ಎದುರಿನವರ ನೋವು ಕಂಡಾಗ ನಮಗೆ ತಡೆಯುವುದಿಲ್ಲ, ಬೇಗ ಮುಗಿಸಿಬಿಡೋಣ ಅನ್ನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತ ಬಿಡಿಸುವ ಚಿಕಿತ್ಸೆಯ ಅನುಭವದಿಂದ 1983ರಲ್ಲಿ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅನ್ನುವ ವಿಧಾನದ ಬಗ್ಗೆ (ಬದಲಾಗುವ ಕಾರಣಗಳನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಮಾತುಕತೆಯ ರೀತಿ) ಬರೆದರು. ಮುಂದೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. ಎದುರಿನವರನ್ನು ಸರಿದಾರಿಗೆ ತರಬೇಕು ಅನ್ನುವ ನಮ್ಮ ಈ ಆತುರಕ್ಕೇ ಅವರು ಒಂದು ಹೆಸರು ಕೊಟ್ಟು, ಅದನ್ನು ಹದ್ದುಬಸ್ತಿನಲ್ಲಿಡಿ ಅಂತ ಕಲಿಸುತ್ತಾರೆ. ಕಾರಣ ಸರಳ. ಬದಲಾಗಲೋ ಬೇಡವೋ ಅಂತ ಒಳಗೇ ತೂಗಾಡುತ್ತಿರುವವರಿಗೆ ನೀವು "ಬದಲಾಗಿ" ಅಂದರೆ, ಅವರ ಬಾಯಿಂದ "ಬೇಡ" ಅನ್ನುವ ವಾದವೇ ಹೊರಡುತ್ತದೆ. "ಹೌದು, ಆದ್ರೆ..." ಅಂತ ಅವರು ಶುರು ಮಾಡಿದರೆ ನೀವು ತಿದ್ದಲು ಹೊರಟಿದ್ದೀರಿ ಅಂತಲೇ ತಿಳಿಯಿರಿ. ಈ ಎರಡು ಪದ ಕಲಿಯುವವರಿಗೆ ಸಿಗುವ ಅತ್ಯುತ್ತಮ ಸೂಚನೆ. ಪುಕ್ಕಟೆ ಬೇರೆ.

ಮೊದಲ ಎರಡು ವಾರ ಒಂದೇ ಅಭ್ಯಾಸ ಮಾಡಿ. ದಿನದ ಯಾವುದಾದರೂ ಒಂದು ಮಾತುಕತೆಯಲ್ಲಿ ಹತ್ತು ನಿಮಿಷ ಸಲಹೆ ಕೊಡಬೇಡಿ, ನಿಮ್ಮ ಅನುಭವ ಹೇಳಬೇಡಿ. ಕೊಡಬೇಕು ಅನ್ನಿಸಿದಾಗಲೆಲ್ಲ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ. ಯಾವ ವಿಷಯ ಬಂದಾಗ ಚಪಲ ಜಾಸ್ತಿಯಾಗುತ್ತದೆ ಅನ್ನುವುದನ್ನು ಗಮನಿಸಿ. ಹಣದ ವಿಷಯವೋ, ಮದುವೆಯೋ, ಮಕ್ಕಳೋ? ಅದು ನಿಮ್ಮ ಬಗ್ಗೆಯೇ ಏನೋ ಹೇಳುತ್ತಿರುತ್ತದೆ.

ಹಂತ 3: ಮೈಯಿಂದ ಕೇಳುವುದು

ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾರ್ಡ್ ಈಗನ್ 1975ರಿಂದ ಹಲವು ಆವೃತ್ತಿ ಕಂಡ ತಮ್ಮ ಕೌನ್ಸೆಲಿಂಗ್ ಪಠ್ಯಪುಸ್ತಕದಲ್ಲಿ ಕುಳಿತುಕೊಳ್ಳುವ ರೀತಿಗೆ ಐದು ಸೂಚನೆ ಕೊಟ್ಟರು. ಎದುರಿನವರ ಕಡೆ ತಿರುಗಿ ಕೂರಿ. ಕೈಕಟ್ಟಿಕೊಳ್ಳದೆ ತೆರೆದ ಭಂಗಿಯಲ್ಲಿರಿ. ಆಗಾಗ ಸ್ವಲ್ಪ ಮುಂದೆ ಬಾಗಿ. ಕಣ್ಣು ನೋಡಿ ಮಾತಾಡಿ. ಸಡಿಲವಾಗಿರಿ. ಇಷ್ಟೇ. ಇದನ್ನು ಡ್ರಿಲ್ ಮಾಡಿದ ಹಾಗೆ ಮಾಡಿದರೆ ಎದುರಿನವರಿಗೆ ಕಸಿವಿಸಿಯಾಗುತ್ತದೆ. ದಿಟ್ಟಿಸಿ ನೋಡುವುದು ಕೆಲವರಿಗೆ ಆತ್ಮೀಯತೆ, ಕೆಲವರಿಗೆ ಉದ್ಧಟತನ. ಅವರು ಎಷ್ಟು ನೋಡುತ್ತಾರೋ ಸುಮಾರು ಅಷ್ಟೇ ನೀವೂ ನೋಡಿ.

ಫೋನ್ ಮೇಜಿನ ಮೇಲೆ ಮಗುಚಿ ಇಡುವುದಲ್ಲ, ಕಣ್ಣಿಗೆ ಕಾಣದ ಕಡೆ ಇಡಿ. ಮಾತಿನ ಜೊತೆ ಅವರ ದನಿ, ಉಸಿರು, ಕೈಬೆರಳು ಏನು ಮಾಡುತ್ತಿವೆ ಅಂತ ಗಮನಿಸಿ. "ನನಗೇನೂ ಬೇಜಾರಿಲ್ಲ" ಅಂತ ಹೇಳುತ್ತಾ ಕಣ್ಣು ತುಂಬಿಕೊಂಡರೆ ಎರಡನ್ನೂ ನೀವು ಕೇಳಿಸಿಕೊಳ್ಳಬೇಕು.

ಇನ್ನು ಮೌನ. ಹೊಸಬರಿಗೆ ಐದು ಸೆಕೆಂಡಿನ ಮೌನ ಐದು ನಿಮಿಷದ ಹಾಗೆ ಅನ್ನಿಸುತ್ತದೆ, ಏನಾದರೂ ಹೇಳಿ ತುಂಬಿಸಿಬಿಡುತ್ತಾರೆ. ಎದುರಿನವರು ಕೆಳಗೆ ನೋಡುತ್ತಾ ಯೋಚನೆಯಲ್ಲಿದ್ದರೆ ಕಾಯಿರಿ. ಅವರು ಒಳಗೆ ಏನನ್ನೋ ಹುಡುಕುತ್ತಿದ್ದಾರೆ. "ಮುಂದೇನು ಹೇಳಲಿ" ಅಂತ ನಿಮ್ಮ ಮುಖವನ್ನೇ ನೋಡುತ್ತಿದ್ದರೆ ಅದು ಬೇರೆ ಮೌನ, ಆಗ ನೀವು ಮಾತಾಡಬೇಕು. ಈ ಎರಡರ ವ್ಯತ್ಯಾಸ ಓದಿನಿಂದ ಬರುವುದಿಲ್ಲ. ಕೂತು ಅಭ್ಯಾಸ ಮಾಡಿದರೆ ಬೇಗ ಬರುತ್ತದೆ.

ಹಂತ 4: ಮರುನುಡಿಯುವುದು

ನನ್ನ ಪ್ರಕಾರ ಇಡೀ ಕಲಿಕೆಯ ಕೇಂದ್ರ ಇದು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಎದುರಿನವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ, ಚಿಕ್ಕದಾಗಿ, ಅವರಿಗೇ ಮರಳಿ ಹೇಳುವುದು ಮರುನುಡಿ. ಇದರಲ್ಲಿ ಮೂರು ಆಳಗಳಿವೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ.

ಮೊದಲನೆಯದು ವಿಷಯದ ಮರುನುಡಿ: "ಮನೆಯಲ್ಲಿ ಮಾತುಕತೆಯೇ ನಿಂತು ಹೋಗಿದೆ, ನೀವೂ ಒಳಗೆ ಸೇರಿಕೊಳ್ತೀರಿ."

ಎರಡನೆಯದು ಭಾವನೆಯ ಮರುನುಡಿ: "ಮನೆ ತುಂಬ ಜನ ಇದ್ದೂ ಒಂಟಿ ಅನ್ನಿಸುತ್ತೆ ನಿಮಗೆ."

ಮೂರನೆಯದು ಹೇಳದೆ ಉಳಿದ ಅರ್ಥದ ಮರುನುಡಿ: "ಯಾರಾದರೂ ಬಂದು ಬಾಗಿಲು ತಟ್ಟಲಿ ಅಂತ ಒಳಗೆಲ್ಲೋ ಕಾಯ್ತಿದ್ದೀರೇನೋ."

ಮೂರನೆಯದು ಊಹೆ. ಸರಿಯಾಗಿ ತಗುಲಿದರೆ ಎದುರಿನವರು ಒಂದು ಕ್ಷಣ ಸುಮ್ಮನಾಗಿ "ಹೂಂ..." ಅನ್ನುತ್ತಾರೆ. ತಪ್ಪಾದರೆ "ಇಲ್ಲ ಇಲ್ಲ, ಹಾಗಲ್ಲ, ನನಗೆ ಸಿಟ್ಟು ಬರೋದು" ಅಂತ ತಿದ್ದುತ್ತಾರೆ. ತಿದ್ದಿದರೆ ನಷ್ಟವೇನಿಲ್ಲ, ಈಗ ಇನ್ನೂ ಸ್ಪಷ್ಟವಾಯಿತಲ್ಲ. ಆದರೆ ಮೊದಲ ಹತ್ತು ನಿಮಿಷದಲ್ಲೇ ಮೂರನೆಯ ಆಳಕ್ಕೆ ಇಳಿಯಬೇಡಿ. ಪರಿಚಯವೇ ಇಲ್ಲದವರು ಮನಸ್ಸು ಓದಿದ ಹಾಗೆ ಮಾತಾಡಿದರೆ ಯಾರಿಗಾದರೂ ದಿಗಿಲಾಗುತ್ತದೆ, ಅಲ್ವಾ?

ಮರುನುಡಿಯ ದನಿ ಕೊನೆಯಲ್ಲಿ ಇಳಿಯಲಿ. ಏರಿದರೆ ಅದು ಪ್ರಶ್ನೆಯಾಗುತ್ತದೆ. "ಒಂಟಿ ಅನ್ನಿಸುತ್ತೆ." ಮತ್ತು "ಒಂಟಿ ಅನ್ನಿಸುತ್ತಾ?" ಎರಡನ್ನೂ ಜೋರಾಗಿ ಹೇಳಿ ನೋಡಿ. ಮೊದಲನೆಯದಕ್ಕೆ ಅವರು ಮುಂದುವರಿಯುತ್ತಾರೆ, ಎರಡನೆಯದಕ್ಕೆ "ಹೌದು" ಅಂತ ನಿಲ್ಲಿಸುತ್ತಾರೆ.

ಗಿಳಿಪಾಠ ಬೇಡ. "ನನಗೆ ಸಾಕಾಗಿದೆ" ಅಂದರೆ "ನಿಮಗೆ ಸಾಕಾಗಿದೆ" ಅನ್ನುವುದು ಮರುನುಡಿ ಅಲ್ಲ, ಅಣಕ. ಹಾಗೆಯೇ "ನಿಮ್ಮ ಮಾತಿನಿಂದ ನನಗೆ ಅನ್ನಿಸುವುದೇನೆಂದರೆ" ಅಂತ ಪ್ರತಿ ಸಲ ಶುರು ಮಾಡುವುದನ್ನೂ ಬಿಡಿ. ನೇರವಾಗಿ ವಿಷಯಕ್ಕೆ ಬನ್ನಿ.

ಭಾವನೆಯ ಮರುನುಡಿಗೆ ಪದಗಳ ಸಂಗ್ರಹ ಬೇಕು. ಎಲ್ಲದಕ್ಕೂ "ಬೇಜಾರು", "ಟೆನ್ಶನ್" ಅಂದರೆ ಆಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ: ಕಸಿವಿಸಿ, ಅಳುಕು, ದಿಗಿಲು, ತಳಮಳ, ಕೊರಗು, ಮುಜುಗರ, ಅವಮಾನ, ಮುನಿಸು, ರೋಸಿಹೋಗುವುದು, ಹೊಟ್ಟೆಕಿಚ್ಚು, ಹತಾಶೆ, ತಬ್ಬಿಬ್ಬು, ನಿರಾಳ. ಕೆಲವರು ಭಾವನೆಗೆ ಹೆಸರನ್ನೇ ಹೇಳುವುದಿಲ್ಲ, ಮೈಯ ಭಾಷೆಯಲ್ಲಿ ಹೇಳುತ್ತಾರೆ: ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ಕೈಕಾಲು ತಣ್ಣಗಾಯಿತು, ಗಂಟಲು ಕಟ್ಟಿತು. ಅವರು ಮೈಯ ಮಾತಾಡಿದರೆ ನೀವೂ ಅದರಲ್ಲೇ ಇರಿ. "ಎದೆ ಭಾರ" ಅಂದವರಿಗೆ "ಅಂದರೆ ದುಃಖ" ಅಂತ ಅನುವಾದ ಮಾಡಿಕೊಡಬೇಕಿಲ್ಲ. "ಆ ಭಾರ ಯಾವ ಹೊತ್ತಿಗೆ ಜಾಸ್ತಿಯಾಗುತ್ತೆ?" ಅಂತ ಕೇಳಿ.

ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸಾರಾಂಶ ಹೇಳಿ. ಎರಡು ಮೂರು ಎಳೆಗಳನ್ನು ಒಟ್ಟಿಗೆ ಹಿಡಿದು ತೋರಿಸುವುದು ಸಾರಾಂಶ: "ಇಲ್ಲಿಯವರೆಗೆ ಕೆಲಸದ ಒತ್ತಡ ಹೇಳಿದ್ರಿ, ಮನೆಯ ಮೌನ ಹೇಳಿದ್ರಿ, ನಿದ್ದೆ ಬರಲ್ಲ ಅಂದ್ರಿ. ಮೂರರಲ್ಲೂ 'ನನ್ನನ್ನ ಯಾರೂ ಕೇಳಲ್ಲ' ಅನ್ನೋ ಮಾತು ಬಂತು. ನಾನೇನಾದ್ರೂ ಬಿಟ್ಟೆನಾ?" ಆ ಕೊನೆಯ ಪ್ರಶ್ನೆ ಮರೆಯಬೇಡಿ.

ಹಂತ 5: ಪ್ರಶ್ನೆ, ಆದರೆ ಕಡಿಮೆ

ಒಂದು ಪ್ರಶ್ನೆಗೆ ಎರಡು ಮರುನುಡಿ. ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಕಲಿಸುವವರು ಇಟ್ಟುಕೊಳ್ಳುವ ಗುರಿ ಇದು. ಹೊಸಬರ ರೆಕಾರ್ಡಿಂಗ್ ಕೇಳಿದರೆ ಲೆಕ್ಕ ತಲೆಕೆಳಗಾಗಿರುತ್ತದೆ, ಐದಾರು ಪ್ರಶ್ನೆಗೆ ಒಂದು ಮರುನುಡಿ.

ಹೌದು-ಇಲ್ಲ ಅಂತ ಮುಗಿಯುವ ಪ್ರಶ್ನೆ ಮುಚ್ಚಿದ ಪ್ರಶ್ನೆ. "ಏನು", "ಹೇಗೆ", "ಯಾವಾಗ" ಅಂತ ಬರುವುದು ಸಾಮಾನ್ಯವಾಗಿ ತೆರೆದ ಪ್ರಶ್ನೆ. "ಅಪ್ಪನ ಮೇಲೆ ಸಿಟ್ಟಿದೆಯಾ?" ಅನ್ನುವುದಕ್ಕಿಂತ "ಅಪ್ಪನ ಬಗ್ಗೆ ಮಾತಾಡುವಾಗ ಒಳಗೆ ಏನಾಗುತ್ತೆ?" ಅನ್ನುವುದು ಜಾಸ್ತಿ ಜಾಗ ಕೊಡುತ್ತದೆ. ವಿವರ ಖಚಿತ ಮಾಡಿಕೊಳ್ಳಲು, ಅಪಾಯ ಅಳೆಯಲು ಮುಚ್ಚಿದ ಪ್ರಶ್ನೆಯೇ ಬೇಕು. ಹಾಗಾಗಿ ಅದನ್ನು ಪೂರ್ತಿ ದೂರ ಇಡಬೇಡಿ.

"ಯಾಕೆ" ಅನ್ನುವ ಪ್ರಶ್ನೆಗೆ ಜನ ಸಮರ್ಥನೆ ಕೊಡುತ್ತಾರೆ. "ಯಾಕೆ ಫೋನ್ ಎತ್ತಲಿಲ್ಲ?" ಅನ್ನುವುದನ್ನು "ಫೋನ್ ರಿಂಗ್ ಆದಾಗ ಮನಸ್ಸಲ್ಲಿ ಏನು ಓಡ್ತಿತ್ತು?" ಅಂತ ಬದಲಿಸಿ ನೋಡಿ. ಉತ್ತರವೇ ಬೇರೆಯಾಗುತ್ತದೆ.

ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಡಿ. ಕುತೂಹಲಕ್ಕೆ ಕೇಳಬೇಡಿ. "ಆಮೇಲೆ ಅವರು ಏನಂದ್ರು?" ಅಂತ ಕೇಳುವ ಮೊದಲು ಈ ಉತ್ತರ ಯಾರಿಗೆ ಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಹಂತ 6: ಈಗ ಸಿದ್ಧಾಂತ

ಇಷ್ಟಾದ ಮೇಲೆ ಸಿದ್ಧಾಂತ ಓದಿದರೆ ಅದಕ್ಕೆ ಜೀವ ಬರುತ್ತದೆ. ಒಂದೊಂದು ಸಿದ್ಧಾಂತವೂ ಎಲ್ಲಿ ಕಿವಿ ಇಡಬೇಕು ಅಂತ ಹೇಳುತ್ತದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಡಿ. ಒಂದೇ ಉದಾಹರಣೆಯನ್ನು ನಾಲ್ಕು ಕಡೆಯಿಂದ ನೋಡಿ. ಒಬ್ಬರಿಗೆ ಮೀಟಿಂಗ್‌ಗಳಲ್ಲಿ ಬಾಯಿ ಬರುವುದಿಲ್ಲ ಅಂತಿಟ್ಟುಕೊಳ್ಳಿ. ಗೊತ್ತಿದ್ದ ವಿಷಯವನ್ನೂ ಹೇಳದೆ ಬಂದು, ಆಮೇಲೆ ರಾತ್ರಿಯೆಲ್ಲ ಕೊರಗುತ್ತಾರೆ.

ವ್ಯಕ್ತಿ ಕೇಂದ್ರಿತ ದಾರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902–1987) ಹೇಳಿದ್ದು ಆ ಕಾಲಕ್ಕೆ ಭಾರಿ ಮಾತು: ಯಾವುದು ನೋಯುತ್ತಿದೆ, ಯಾವ ಕಡೆ ಹೋಗಬೇಕು ಅನ್ನುವುದು ನೆರವು ಕೇಳಿ ಬಂದ ಕ್ಲೈಂಟ್‌ಗೇ ಗೊತ್ತು. 1957ರ ಲೇಖನವೊಂದರಲ್ಲಿ ಅವರು ಬದಲಾವಣೆಗೆ ಬೇಕಾದ ಆರು ಸ್ಥಿತಿಗಳನ್ನು ಪಟ್ಟಿ ಮಾಡಿದರು. ಅದರಲ್ಲಿ ಮೂರು ಕೌನ್ಸೆಲರ್‌ಗೆ ಸೇರಿದ್ದು. ಒಂದು, ಎಂಪಥಿ: ಎದುರಿನವರ ಜಗತ್ತನ್ನು ತನ್ನದೇ ಎನ್ನುವಷ್ಟು ಹತ್ತಿರದಿಂದ ನೋಡುವುದು, ಆದರೆ ಅದು ತನ್ನದಲ್ಲ ಅನ್ನುವುದನ್ನು ಮರೆಯದಿರುವುದು. ಎರಡು, ಷರತ್ತಿಲ್ಲದ ಗೌರವ. ಮೂರು, ಒಳಗೊಂದು ಹೊರಗೊಂದು ಇಲ್ಲದ ನಿಜತನ. ಮೀಟಿಂಗ್‌ನಲ್ಲಿ ಮಾತಾಡದವರ ಬಗ್ಗೆ ಈ ದಾರಿ ಕೇಳುವುದು: ಚೆನ್ನಾಗಿ ಮಾಡಿದರೆ ಮಾತ್ರ ನನಗೆ ಬೆಲೆ ಅಂತ ಇವರು ಎಲ್ಲಿ ಕಲಿತರು? ಆ ಷರತ್ತಿಲ್ಲದ ಒಂದು ಸಂಬಂಧ ಇಲ್ಲಿ ಸಿಕ್ಕಿದರೆ ಏನಾಗುತ್ತದೆ?

ಅರಿವಿನ ದಾರಿ. ಆಲ್ಬರ್ಟ್ ಎಲ್ಲಿಸ್ 1950ರ ದಶಕದ ಮಧ್ಯದಲ್ಲಿ, ಆರನ್ ಬೆಕ್ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಒಂದೇ ಕಡೆ ಬಂದರು. ಇಬ್ಬರೂ ಫ್ರಾಯ್ಡ್ ಪರಂಪರೆಯಲ್ಲಿ ತರಬೇತಾದವರೇ. ಘಟನೆಗಿಂತ, ಆ ಘಟನೆಯ ಬಗ್ಗೆ ನಾವು ಹೇಳಿಕೊಳ್ಳುವ ಮಾತು ನಮ್ಮನ್ನು ಕಾಡುತ್ತದೆ ಅನ್ನುವುದು ಇದರ ತಿರುಳು. ನಮ್ಮ ಉದಾಹರಣೆಯಲ್ಲಿ ಹುಡುಕಬೇಕಾದ್ದು ಮಿಂಚಿ ಹೋಗುವ ಆ ಯೋಚನೆಯನ್ನು: "ತಪ್ಪು ಮಾತಾಡಿದ್ರೆ ಎಲ್ಲರೂ ನಗ್ತಾರೆ." ಬಾಯಿ ಮುಚ್ಚಿಕೊಂಡರೆ ಆ ಕ್ಷಣಕ್ಕೆ ಎದೆಬಡಿತ ಇಳಿಯುತ್ತದೆ, ನಿಜ. ಆದರೆ ನಗುತ್ತಾರೋ ಇಲ್ಲವೋ ಅಂತ ಪರೀಕ್ಷಿಸುವ ಅವಕಾಶವೇ ಬರುವುದಿಲ್ಲ, ಭಯ ಹಾಗೇ ಉಳಿಯುತ್ತದೆ. ಹಾಗಾಗಿ ಸಣ್ಣ ಪ್ರಯೋಗ: ಮುಂದಿನ ಮೀಟಿಂಗ್‌ನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ ಬರುವುದು, ಏನಾಗುತ್ತದೆ ಅಂತ ಮೊದಲೇ ಊಹಿಸಿ ಬರೆದಿಟ್ಟು, ಆದದ್ದರ ಜೊತೆ ಹೋಲಿಸುವುದು.

ಮನೋವಿಶ್ಲೇಷಣೆಯ ದಾರಿ. ಸಿಗ್ಮಂಡ್ ಫ್ರಾಯ್ಡ್ (1856–1939) ಹೇಳಿದ ಎಲ್ಲವನ್ನೂ ಈಗ ಒಪ್ಪುವವರು ಕಡಿಮೆ. ಆದರೆ ಹಳೆಯ ಸಂಬಂಧಗಳ ಅಚ್ಚು ಹೊಸ ಸಂಬಂಧಗಳ ಮೇಲೂ ಬೀಳುತ್ತದೆ ಅನ್ನುವ ಮಾತು ಹೊಸಬರಿಗೆ ಪ್ರತಿದಿನ ಬೇಕಾಗುತ್ತದೆ. ಮೀಟಿಂಗ್‌ನ ಮೇಲಧಿಕಾರಿಯಲ್ಲಿ ಇವರಿಗೆ ಯಾರು ಕಾಣುತ್ತಿದ್ದಾರೆ? ಕಾಲು ಗಂಟೆ ಕಳೆದ ಮೇಲೆ ಇವರು ನಿಮ್ಮ ಮುಂದೆಯೂ ಹಾಗೇ ತಡವರಿಸಲು ಶುರು ಮಾಡಿದರಾ? ಇದಕ್ಕೆ ಟ್ರಾನ್ಸ್‌ಫರೆನ್ಸ್ ಅನ್ನುತ್ತಾರೆ. ಇದರ ಇನ್ನೊಂದು ಮುಖ ಕೌಂಟರ್ ಟ್ರಾನ್ಸ್‌ಫರೆನ್ಸ್, ಅಂದರೆ ಕ್ಲೈಂಟ್ ಬಗ್ಗೆ ಕೌನ್ಸೆಲರ್ ಒಳಗೇ ಹುಟ್ಟುವ ಭಾವನೆ. ಒಬ್ಬ ಕ್ಲೈಂಟ್ ಬರುವ ದಿನ ನಿಮಗೆ ವಿನಾಕಾರಣ ಸುಸ್ತು, ಇನ್ನೊಬ್ಬರನ್ನು ಕಂಡರೆ ರಕ್ಷಿಸಿಬಿಡುವ ಹುಮ್ಮಸ್ಸು ಅಂತಾದರೆ ಅದನ್ನು ಬರೆದಿಟ್ಟುಕೊಳ್ಳಿ.

ಪರಿಹಾರ ಕೇಂದ್ರಿತ ದಾರಿ. ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿ ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆಸಿದ ವಿಧಾನ. ತೊಂದರೆ ಇಲ್ಲದ ಅಥವಾ ಕಡಿಮೆಯಿದ್ದ ಹೊತ್ತನ್ನು ಇದು ಹುಡುಕುತ್ತದೆ. "ಸ್ವಲ್ಪವಾದರೂ ಮಾತಾಡಿದ ಮೀಟಿಂಗ್ ಯಾವುದಾದರೂ ಇದೆಯಾ? ಅವತ್ತು ಏನು ಬೇರೆ ಇತ್ತು?" "ಸೊನ್ನೆಯಿಂದ ಹತ್ತರಲ್ಲಿ ಈಗ ಎಷ್ಟು ಧೈರ್ಯ ಇದೆ?" ಮೂರು ಅಂದರೆ, "ಎರಡು ಯಾಕಲ್ಲ, ಆ ಮೂರರಲ್ಲಿ ಏನಿದೆ?" ಅಂತ ಕೇಳುತ್ತಾರೆ. (ಹೌದು, ಇಲ್ಲಿ "ಯಾಕೆ" ನಡೆಯುತ್ತದೆ. ಇಲ್ಲಿ ಅವರು ಕೊಡುವ ಸಮರ್ಥನೆ ತಮ್ಮ ಶಕ್ತಿಯ ಪರವಾಗಿಯೇ ಬರುತ್ತದೆ.)

ಇದರಲ್ಲಿ ಯಾವುದು ಉತ್ತಮ? ಮನಶ್ಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೈಗ್ 1936ರಲ್ಲೇ ಒಂದು ಮಾತು ಎತ್ತಿದ್ದರು: ಬೇರೆ ಬೇರೆ ಚಿಕಿತ್ಸೆಗಳು ಒಂದೇ ಮಟ್ಟಿಗೆ ಫಲ ಕೊಡುತ್ತಿದ್ದರೆ ಅವುಗಳಲ್ಲಿ ಸಮಾನವಾಗಿರುವ ಅಂಶಗಳೇ ಕೆಲಸ ಮಾಡುತ್ತಿರಬಹುದು. ಆ ಚರ್ಚೆ ಇನ್ನೂ ಮುಗಿದಿಲ್ಲ. ಕೆಲವು ತೊಂದರೆಗಳಿಗೆ ನಿರ್ದಿಷ್ಟ ವಿಧಾನವೇ ಮೇಲು ಅನ್ನುವವರೂ ಇದ್ದಾರೆ. ಎರಡೂ ಕಡೆಯವರು ಒಪ್ಪುವುದು ಒಂದನ್ನು: ಕೌನ್ಸೆಲರ್ ಮತ್ತು ಕ್ಲೈಂಟ್ ನಡುವಿನ ಸಂಬಂಧ ಚೆನ್ನಾಗಿಲ್ಲದಿದ್ದರೆ ಯಾವ ತಂತ್ರವೂ ಹೆಚ್ಚು ದೂರ ಹೋಗುವುದಿಲ್ಲ. ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಆ ಸಂಬಂಧವನ್ನು ಮೂರು ಭಾಗ ಮಾಡಿದರು. ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ಇಬ್ಬರ ನಡುವಿನ ನಂಟು. ಮಾತುಕತೆ ಎಲ್ಲಿಗೂ ಹೋಗುತ್ತಿಲ್ಲ ಅನ್ನಿಸಿದಾಗ ಈ ಮೂರರಲ್ಲಿ ಯಾವುದು ಸಡಿಲವಾಗಿದೆ ಅಂತ ನೋಡಿ. ಬಹಳ ಸಲ ಮೊದಲನೆಯದೇ. ನೀವು ಅವರ ಸಂಸಾರ ಸರಿಮಾಡಲು ಕೂತಿರುತ್ತೀರಿ, ಅವರಿಗೆ ಬೇಕಿರುವುದು ನಿದ್ದೆ.

ಮೊದಲ ವರ್ಷ ಒಂದೇ ಸಿದ್ಧಾಂತವನ್ನು ಆಳವಾಗಿ ಹಿಡಿಯಿರಿ. ವ್ಯಕ್ತಿ ಕೇಂದ್ರಿತ ದಾರಿಯಿಂದ ಶುರು ಮಾಡಿದರೆ ಕೇಳುವ ಕೌಶಲಕ್ಕೆ ನೇರ ಕೊಂಡಿ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಹಂತ 7: ಮೊದಲ ಸೆಷನ್ನಿನ ಚೌಕಟ್ಟು

ಒಂದು ಸೆಷನ್ ಸಾಮಾನ್ಯವಾಗಿ 50 ನಿಮಿಷ. ಶುರುವಿನ ಐದು ನಿಮಿಷದಲ್ಲಿ ನೀವು ಯಾರು, ಇನ್ನೂ ಕಲಿಯುತ್ತಿದ್ದೀರಿ ಅನ್ನುವುದು, ಸಮಯ ಎಷ್ಟು, ಗೌಪ್ಯತೆ ಎಲ್ಲಿಯವರೆಗೆ ಅನ್ನುವುದನ್ನು ಹೇಳಿ. ಸುಮಾರಾಗಿ ಹೀಗೆ:

"ನೀವು ಇಲ್ಲಿ ಹೇಳಿದ್ದು ಹೊರಗೆ ಹೋಗಲ್ಲ. ಎರಡು ಮೂರು ಸಂದರ್ಭ ಬಿಟ್ಟು. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ, ಮಗುವಿಗೆ ಹಿಂಸೆ ಆಗ್ತಿದೆ ಅಂತ ಗೊತ್ತಾದ್ರೆ, ಅಥವಾ ಕೋರ್ಟ್ ಕೇಳಿದ್ರೆ ನಾನು ಹೇಳಬೇಕಾಗಬಹುದು. ಹಾಗೇನಾದ್ರೂ ಬಂದ್ರೆ ಆದಷ್ಟು ಮೊದಲು ನಿಮಗೇ ತಿಳಿಸ್ತೀನಿ. ನನ್ನ ಕೆಲಸ ನೋಡೋ ಸೂಪರ್‌ವೈಸರ್ ಜೊತೆ ಹೆಸರು ಹೇಳದೆ ಚರ್ಚೆ ಮಾಡ್ತೀನಿ. ಇದಕ್ಕೆ ಏನಾದ್ರೂ ಕೇಳೋದಿದೆಯಾ?"

ಈ ಮಿತಿಗಳ ಹಿಂದೆ ಕಾನೂನಿನ ಇತಿಹಾಸವೂ ಇದೆ. ತರಾಸಾಫ್ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಕೊಟ್ಟ ತೀರ್ಪು, ಕ್ಲೈಂಟ್‌ನಿಂದ ಬೇರೊಬ್ಬರಿಗೆ ಗಂಭೀರ ಅಪಾಯ ಇದ್ದರೆ ಅವರನ್ನು ಕಾಪಾಡಲು ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರ ಮೇಲಿದೆ ಅಂದಿತು. ನಿಯಮಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಕೆಲಸ ಶುರು ಮಾಡುವ ಮೊದಲು ನಿಮ್ಮ ಕಡೆಯ ನಿಯಮ ಓದಿಕೊಳ್ಳಿ.

ಆಮೇಲೆ "ಇವತ್ತು ಏನು ಮಾತಾಡೋಣ ಅಂತ ಬಂದಿರಿ?" ಅಂತ ಬಿಟ್ಟುಕೊಡಿ. ನಡುವಿನ ಮೂವತ್ತೈದು ನಿಮಿಷ ಅವರದು. ಕೊನೆಯ ಹತ್ತು ನಿಮಿಷ ಬಂದಾಗ ಹೇಳಿಬಿಡಿ: "ಇನ್ನು ಹತ್ತು ನಿಮಿಷ ಇದೆ." ತುಂಬಾ ಜನ ಮುಖ್ಯವಾದ ಮಾತನ್ನು ಎದ್ದು ಹೊರಡುವಾಗಲೇ ಹೇಳುವುದು. ಆಗ ಮತ್ತೆ ಕೂರಿಸಿ ಗಂಟೆಗಟ್ಟಲೆ ಎಳೆಯಬೇಡಿ. "ಇದು ಮುಖ್ಯವಾದ ಮಾತು. ಮುಂದಿನ ಸಲ ಇದರಿಂದಲೇ ಶುರು ಮಾಡೋಣ" ಅನ್ನಿ. ಆ ಮಾತು ಜೀವದ ಅಪಾಯದ್ದಾದರೆ ಮಾತ್ರ ಗಡಿಯಾರ ಬದಿಗಿಡಿ.

ಹಂತ 8: ಅಪಾಯದ ಮಾತು ಬಂದಾಗ

"ಇದ್ದು ಏನು ಪ್ರಯೋಜನ" ಅನ್ನುವಂಥ ಮಾತು ಬಂದರೆ ದಾಟಿ ಹೋಗಬೇಡಿ. ನೇರವಾಗಿ, ಮೆಲುದನಿಯಲ್ಲಿ ಕೇಳಿ: "ಇಷ್ಟು ಕಷ್ಟ ಆದಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿಮಗೆ ಆತ್ಮಹತ್ಯೆಯ ಯೋಚನೆ ಬರ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅನ್ನುವ ಭಯ ತುಂಬಾ ಜನರಿಗಿದೆ. ಸಂಶೋಧನೆಗಳು ಆ ಭಯಕ್ಕೆ ಆಧಾರ ಕೊಡುವುದಿಲ್ಲ. ಕೇಳಿದ್ದಕ್ಕೆ ಬಹಳ ಮಂದಿಗೆ ನಿರಾಳವೇ ಆಗುತ್ತದೆ.

ಹೌದು ಅಂದರೆ ಗಾಬರಿ ತೋರಿಸಬೇಡಿ, ಪ್ರವಚನ ಬೇಡ, ಮನೆಯವರ ನೆನಪು ಮಾಡಿಸಿ ತಪ್ಪಿತಸ್ಥ ಭಾವ ಹುಟ್ಟಿಸಬೇಡಿ. ಯೋಜನೆ ಏನಾದರೂ ಇದೆಯಾ, ಅದಕ್ಕೆ ಬೇಕಾದ ಸಾಧನ ಕೈಗೆ ಸಿಗುವ ಹಾಗಿದೆಯಾ, ಯಾವಾಗ ಅಂತ ಯೋಚಿಸಿದ್ದಾರಾ, ಹಿಂದೆ ಪ್ರಯತ್ನ ಆಗಿತ್ತಾ, ಇಲ್ಲಿಯವರೆಗೆ ತಡೆದಿದ್ದು ಏನು ಅಂತ ಕೇಳಿ. ಅಪಾಯ ಹತ್ತಿರದಲ್ಲಿದೆ ಅನ್ನಿಸಿದರೆ ಅವರನ್ನು ಒಬ್ಬರೇ ಬಿಡಬೇಡಿ, ಆ ಸಾಧನ ದೂರವಾಗುವಂತೆ ನೋಡಿಕೊಳ್ಳಿ, ತುರ್ತು ಸೇವೆಗೆ ಅಥವಾ ಆಸ್ಪತ್ರೆಗೆ ತಲುಪಿಸಿ, ನಿಮ್ಮ ಸೂಪರ್‌ವೈಸರ್‌ಗೆ ಕೂಡಲೇ ಫೋನ್ ಮಾಡಿ. ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಲೇಬೇಡಿ. ನಿಮ್ಮ ಪ್ರದೇಶದ ಸಹಾಯವಾಣಿ ಸಂಖ್ಯೆ, ತುರ್ತು ಸಂಖ್ಯೆ ಎರಡೂ ಮೊದಲ ದಿನದಿಂದಲೇ ನಿಮ್ಮ ಬಳಿ ಬರೆದಿಟ್ಟಿರಲಿ.

ಯಾರಿಗೂ ಕೇಳಿಸದ ದನಿ ಕೇಳಿಸುವುದು, ವಾಸ್ತವದ ಹಿಡಿತ ತಪ್ಪುವುದು, ಕುಡಿತ ಅಥವಾ ಮಾದಕ ವಸ್ತು ಹಠಾತ್ ನಿಲ್ಲಿಸಿ ಮೈ ನಡುಗುವುದು, ಊಟ ಪೂರ್ತಿ ಬಿಟ್ಟಿರುವುದು, ಮನೆಯಲ್ಲಿ ಹಿಂಸೆ ನಡೆಯುತ್ತಿರುವುದು ಕಂಡರೆ ತಜ್ಞರ ಕಡೆ ಕಳಿಸಿ. ಕಳಿಸುವುದು ಸೋಲಲ್ಲ. "ನಿಮಗೆ ಇದರಲ್ಲಿ ನನಗಿಂತ ಚೆನ್ನಾಗಿ ನೆರವಾಗೋರು ಇದ್ದಾರೆ, ಹೋಗೋವರೆಗೆ ಜೊತೆಗಿರ್ತೀನಿ" ಅಂತ ಹೇಳಿ ಕಳಿಸಿ.

ಹಂತ 9: ಅಭ್ಯಾಸದ ವಿಧಾನ

ಈಜು ಕಲಿಯಲು ನೀರಿಗೆ ಇಳಿಯಬೇಕು. ಇಲ್ಲಿಯ ನೀರು ಮೂವರ ಗುಂಪು. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ಗಮನಿಸುವವರು. ಹತ್ತು ನಿಮಿಷ ಮಾತು, ಐದು ನಿಮಿಷ ಪ್ರತಿಕ್ರಿಯೆ, ಆಮೇಲೆ ಪಾತ್ರ ಬದಲು. ಹೇಳುವವರು ನಿಜವಾದ ವಿಷಯವನ್ನೇ ಹೇಳಲಿ, ಆದರೆ ಸಣ್ಣದು. ಹತ್ತರಲ್ಲಿ ಮೂರು ನಾಲ್ಕರಷ್ಟು ಕಾಡುವಂಥದ್ದು ಸಾಕು. ದೊಡ್ಡ ಗಾಯವನ್ನು ಅಭ್ಯಾಸಕ್ಕೆ ತೆರೆಯಬೇಡಿ. ಗಮನಿಸುವವರು "ಚೆನ್ನಾಗಿತ್ತು" ಅಂತ ಹೇಳಿ ಮುಗಿಸಬಾರದು. ಎಷ್ಟು ಪ್ರಶ್ನೆ, ಎಷ್ಟು ಮರುನುಡಿ, ಎಷ್ಟು ಸಲಹೆ ಅಂತ ಗೆರೆ ಎಳೆದು ಎಣಿಸಬೇಕು. ಪ್ರತಿಕ್ರಿಯೆಯ ಸರದಿ ಹೇಳಿದವರಿಂದಲೇ ಶುರುವಾಗಲಿ: "ನೀನು ಆ ಮಾತು ಹೇಳಿದಾಗ ನನಗೆ ಮುಂದೆ ಹೇಳ್ಬೇಕು ಅನ್ನಿಸ್ತು, ಈ ಮಾತಿಗೆ ಬಾಯಿ ಕಟ್ತು."

ಅಲೆನ್ ಐವಿ ಮತ್ತು ಅವರ ಜೊತೆಗಾರರು 1960ರ ದಶಕದ ಕೊನೆಯಲ್ಲಿ ವಿಡಿಯೋ ಬಳಸಿ ಒಂದು ಸಲಕ್ಕೆ ಒಂದೇ ಸಣ್ಣ ಕೌಶಲವನ್ನು ಕಲಿಸುವ ಕ್ರಮ ಬೆಳೆಸಿದರು. ಅದೇ ಕ್ರಮ ನಿಮಗೂ ಆಗುತ್ತದೆ. ಈ ವಾರ ಮರುನುಡಿ ಮಾತ್ರ, ಪ್ರಶ್ನೆ ನಿಷಿದ್ಧ. ಮುಂದಿನ ವಾರ ಭಾವನೆಯ ಮರುನುಡಿ. ಅದರ ಮುಂದಿನ ವಾರ ತೆರೆದ ಪ್ರಶ್ನೆ.

ಇದಕ್ಕಿಂತಲೂ ಚುರುಕಾದ ವಿಧಾನ ಒಂದಿದೆ, ಯಾರಿಗೂ ಇಷ್ಟವಾಗದ್ದು: ಒಪ್ಪಿಗೆ ಪಡೆದು ನಿಮ್ಮ ಮಾತುಕತೆಯನ್ನು ರೆಕಾರ್ಡ್ ಮಾಡಿ, ಹತ್ತು ನಿಮಿಷದ ಭಾಗವನ್ನು ಅಕ್ಷರಕ್ಕೆ ಅಕ್ಷರ ಬರೆದಿಳಿಸುವುದು. ರೋಜರ್ಸ್ 1942ರಲ್ಲೇ ರೆಕಾರ್ಡ್ ಮಾಡಿದ ಒಂದು ಇಡೀ ಪ್ರಕರಣದ ಮಾತುಕತೆಯನ್ನು ಅಚ್ಚು ಹಾಕಿದ್ದರು. ಅದರಿಂದಲೇ ಮುಚ್ಚಿದ ಬಾಗಿಲ ಹಿಂದಿನ ಈ ಕೆಲಸವನ್ನು ಬೇರೆಯವರು ಓದಿ ಚರ್ಚಿಸುವಂತಾಯಿತು. ಬರೆದಾದ ಮೇಲೆ ನಿಮ್ಮ ಪ್ರತಿ ಸಾಲಿನ ಪಕ್ಕ ಗುರುತು ಹಾಕಿ: ಪ್ರಶ್ನೆ, ಮರುನುಡಿ, ಸಲಹೆ, ಸಮಾಧಾನ, ನನ್ನ ಕಥೆ. ಆಮೇಲೆ ಮೂರು ಕಡೆ "ಇಲ್ಲಿ ಏನು ಹೇಳಬಹುದಿತ್ತು" ಅಂತ ಬೇರೆ ಸಾಲು ಬರೆಯಿರಿ. ಕೆಲಸ ಮುಗಿದ ಮೇಲೆ ರೆಕಾರ್ಡಿಂಗ್ ಅಳಿಸಿ.

ಅನುಭವಿಗಳು ಕೆಲಸ ಮಾಡುವುದನ್ನೂ ನೋಡಿ. ರೋಜರ್ಸ್, ಎಲ್ಲಿಸ್ ಮತ್ತು ಈ ಕ್ಷಣದ ಅನುಭವಕ್ಕೆ ಒತ್ತು ಕೊಡುವ ಗೆಸ್ಟಾಲ್ಟ್ ವಿಧಾನದ ಫ್ರಿಟ್ಜ್ ಪರ್ಲ್ಸ್ ಮೂವರೂ ಒಬ್ಬರೇ ಮಹಿಳೆಯ ಜೊತೆ ಬೇರೆ ಬೇರೆಯಾಗಿ ಮಾತಾಡಿದ ಶೈಕ್ಷಣಿಕ ಚಿತ್ರವೊಂದು 1965ರಲ್ಲಿ ಬಂತು. ಮೊದಲ ಸಲ ದನಿ ನಿಲ್ಲಿಸಿ ನೋಡಿ, ಎರಡನೆಯ ಸಲ ಯಾರು ಎಷ್ಟು ಮಾತಾಡುತ್ತಾರೆ ಅಂತ ಎಣಿಸಿ. ಮೂವರ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಹಂತ 10: ಗಡಿ, ಕೋರ್ಸ್, ಸೂಪರ್‌ವಿಷನ್

ಗಡಿಗಳನ್ನು ಮೊದಲೇ ಗಟ್ಟಿ ಮಾಡಿ. ರಾತ್ರಿ ಹನ್ನೊಂದಕ್ಕೆ ಮೆಸೇಜ್‌ಗಳಿಗೆ ಉತ್ತರಿಸುವುದು, ಸಾಲ ಕೊಡುವುದು, ಉಡುಗೊರೆ ತೆಗೆದುಕೊಳ್ಳುವುದು, ಕ್ಲೈಂಟ್ ಜೊತೆ ವ್ಯಾಪಾರ ಅಥವಾ ಪ್ರೇಮ ಇವೆಲ್ಲ ಬೇಡ. ಕೊನೆಯದಂತೂ ವೃತ್ತಿಸಂಹಿತೆಗಳು ಖಡಾಖಂಡಿತವಾಗಿ ನಿಷೇಧಿಸುವ ವಿಷಯ.

ಕೋರ್ಸ್ ಆರಿಸುವಾಗ ಮೂರು ಪ್ರಶ್ನೆ ಕೇಳಿ. ಯಾರಾದರೂ ಗಮನಿಸುತ್ತಿರುವಾಗ ನಾನು ಎಷ್ಟು ಗಂಟೆ ಅಭ್ಯಾಸ ಮಾಡುತ್ತೇನೆ? ನನ್ನ ರೆಕಾರ್ಡಿಂಗ್ ಕೇಳಿ ಪ್ರತಿಕ್ರಿಯೆ ಕೊಡುವವರು ಯಾರು? ಇಲ್ಲಿಯ ಸರ್ಟಿಫಿಕೇಟ್ ಯಾವ ಮುಂದಿನ ಹಂತಕ್ಕೆ ಒಯ್ಯುತ್ತದೆ? ಎರಡು ದಿನದ ಆನ್‌ಲೈನ್ ಉಪನ್ಯಾಸ ಕೇಳಿ ಸಿಗುವ ಸರ್ಟಿಫಿಕೇಟ್ ಗೋಡೆಗೆ ಚೆಂದ, ಅಷ್ಟೇ.

ಸೂಪರ್‌ವಿಷನ್ ಅಂದರೆ ಅನುಭವಿ ಕೌನ್ಸೆಲರ್ ಒಬ್ಬರ ಎದುರು ನಿಮ್ಮ ಕೆಲಸವನ್ನು ತೆರೆದಿಡುವುದು. ಹೊಸಬರು ಅಲ್ಲಿಗೆ ಚೆನ್ನಾಗಿ ಹೋದ ಸೆಷನ್ ತೆಗೆದುಕೊಂಡು ಹೋಗುತ್ತಾರೆ. ನೀವು ಸಿಕ್ಕಿಹಾಕಿಕೊಂಡ ಐದು ನಿಮಿಷವನ್ನು ತೆಗೆದುಕೊಂಡು ಹೋಗಿ. ಜೊತೆಗೆ ಮೂರು ಸಾಲಿನ ಟಿಪ್ಪಣಿ ಇರಲಿ: ಕ್ಲೈಂಟ್ ಏನು ಹೇಳಿದರು, ನಾನು ಏನು ಹೇಳಿದೆ, ಆ ಹೊತ್ತಿಗೆ ನನ್ನೊಳಗೆ ಏನಾಯಿತು. ಮೂರನೆಯ ಸಾಲು ಖಾಲಿ ಉಳಿದರೆ ಅದನ್ನೂ ಹಾಗೇ ತೆಗೆದುಕೊಂಡು ಹೋಗಿ, ಸೂಪರ್‌ವೈಸರ್ ಅಲ್ಲಿಂದಲೇ ಶುರು ಮಾಡುತ್ತಾರೆ.